ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಆಗಬೋಟು

ಅಂಕೋಲಾದಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಮತ್ತು ಫೋಟೋದ ಪ್ರತಿ ಎರಡು ದಿನದಿಂದ ನನ್ನ ಮೇಜಿನ ಮೇಲೇ ಇವೆ. ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ಎರಡು ಹೊಗೆಕೊಳವೆಯ ದೊಡ್ಡ ಹಡಗು, ಹಿಂಬದಿಯಲ್ಲಿ ಪೆನ್ಸಿಲಿನಿಂದ 'ಮುಂಬಯಿ 1931', ಅಷ್ಟೇ. ಅಜ್ಜ ಆಗ ಮುಂಬಯಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು, ಇದು ಗಾಂಧೀಜಿ ವಿಲಾಯತಿಗೆ ಹೋದ ಆಗಬೋಟು ಅಂತ ನಿಮ್ಮ ಅತ್ತೆ ಹೇಳುತ್ತಾರೆ, ಫ್ರೇಮ್ ಹಾಕಿಸಿ ಕೆಳಗೆ ಹಾಗೇ ಬರೆಸಬಹುದಾ ಅಂತ ಕೇಳಿದ್ದೀರಿ.

ಫ್ರೇಮ್ ಖಂಡಿತ ಹಾಕಿಸಿ. ಆದರೆ ಕೆಳಗೆ ಹಾಗೆ ಬರೆಸಬೇಡಿ, ಸದ್ಯಕ್ಕಾದರೂ ಬೇಡ.

ಗಾಂಧೀಜಿ ಹೋದ ಹಡಗಿನ ಹೆಸರು ರಾಜಪುತಾನಾ, ಪಿ ಅಂಡ್ ಓ ಎಂಬ ಬ್ರಿಟಿಷ್ ಹಡಗು ಕಂಪನಿಯದು. ಭಾರತದ ಮುಂದಿನ ಆಡಳಿತದ ಬಗ್ಗೆ ಲಂಡನ್ನಿನಲ್ಲಿ ನಡೆದ ದುಂಡುಮೇಜಿನ ಪರಿಷತ್ತಿಗೆ ಅವರು ಹೋಗುವುದೇ ಕೊನೆಯವರೆಗೂ ಖಚಿತವಿರಲಿಲ್ಲ. 1931ರ ಆಗಸ್ಟ್ 27ಕ್ಕೆ ಸಿಮ್ಲಾದಲ್ಲಿ ವೈಸರಾಯ್ ವಿಲಿಂಗ್ಡನ್ ಜೊತೆ ಮಾತುಕತೆ ಮುಗಿಯಿತು, ಅಲ್ಲಿಂದ ವಿಶೇಷ ರೈಲಿನಲ್ಲಿ ಇಳಿದು ಮುಂಬಯಿ ಮುಟ್ಟಿ 29ರ ಶನಿವಾರ ಹಡಗು ಹತ್ತಿದರು. ಜೊತೆಗೆ ಕಾರ್ಯದರ್ಶಿಗಳಾದ ಮಹಾದೇವ ದೇಸಾಯಿ, ಪ್ಯಾರೇಲಾಲ್, ಶಿಷ್ಯೆ ಮೀರಾಬೆನ್, ಮಗ ದೇವದಾಸ್. ಕಾಂಗ್ರೆಸ್ಸಿನ ಮದನ ಮೋಹನ ಮಾಳವೀಯರೂ ಸರೋಜಿನಿ ನಾಯ್ಡು ಅವರೂ ಅದೇ ಹಡಗಿನಲ್ಲಿದ್ದರು. ಗಾಂಧೀಜಿಯದು ಎರಡನೇ ದರ್ಜೆ, ಮಲಗುತ್ತಿದ್ದುದು ಮಾತ್ರ ಮೇಲೆ ಡೆಕ್ಕಿನಲ್ಲಿ. ನನಗೆ ತುಂಬಾ ಇಷ್ಟವಾದ ಸಂಗತಿ ಏನೆಂದರೆ, ಜೊತೆಯವರು ತಂದಿದ್ದ ಸಾಮಾನು ನೋಡಿ ಬೇಸರವಾಗಿ, ದಾರಿಯಲ್ಲಿ ಏಡನ್ ಬಂದರು ಬಂದಾಗ ಏಳು ಪೆಟ್ಟಿಗೆಗಳನ್ನು ಮುಂಬಯಿಗೆ ವಾಪಸ್ ಕಳಿಸಿಬಿಟ್ಟರು! ಸೆಪ್ಟೆಂಬರ್ 11ಕ್ಕೆ ಫ್ರಾನ್ಸಿನ ಮಾರ್ಸೇಲ್ಸ್, ಮರುದಿನ ಲಂಡನ್.

ತೊಡಕು ಇರುವುದು ಇಲ್ಲಿ. ರಾಜಪುತಾನಾ ಒಂದೇ ಅಲ್ಲ. 1925ರಲ್ಲಿ ಕಂಪನಿ ಒಂದೇ ಅಚ್ಚಿನ ನಾಲ್ಕು ಹಡಗು ಕಟ್ಟಿಸಿತ್ತು. ರಾಂಚಿ, ರಾಣ್‌ಪುರ, ರಾವಲ್ಪಿಂಡಿ, ರಾಜಪುತಾನಾ. ಒಂದೊಂದೂ 16,000 ಟನ್‌ಗಿಂತ ಜಾಸ್ತಿ, ಎಲ್ಲಕ್ಕೂ ಎರಡು ಹೊಗೆಕೊಳವೆ, ಕಪ್ಪು ಮೈ. ದೂರದಿಂದ ತೆಗೆದ ಚಿತ್ರದಲ್ಲಿ ಅವಳಿ ಜವಳಿ ಮಕ್ಕಳ ಹಾಗೆ, ಗುರುತು ಸಿಗುವುದಿಲ್ಲ. ಇಷ್ಟೇ ಆಗಿದ್ದರೆ ನಾಲ್ಕರಲ್ಲಿ ಒಂದು ಅನ್ನಬಹುದಿತ್ತು, ಆದರೆ ಅದೇ ಕಂಪನಿಯ ಮೂಲ್ತಾನ್ ಹಡಗಿಗೂ ಎರಡೇ ಕೊಳವೆ, ಮತ್ತು ಅದೇ ಪರಿಷತ್ತಿಗೆ ಅಂಬೇಡ್ಕರ್ ಅವರು ಗಾಂಧೀಜಿಗಿಂತ ಎರಡು ವಾರ ಮೊದಲು, ಆಗಸ್ಟ್ 15ಕ್ಕೆ, ಮುಂಬಯಿಯಿಂದ ಹೊರಟಿದ್ದು ಆ ಮೂಲ್ತಾನ್‌ನಲ್ಲಿ. ನಿಮ್ಮ ಅಜ್ಜ ಇಟ್ಟುಕೊಂಡಿದ್ದು ಅದೇ ಆಗಿದ್ದರೆ? ಅದೂ ಆಗಬಹುದು, ಅಲ್ವಾ? ಸುಮ್ನೆ ಒಂದು ಹೆಸರು ಬರೆಸಿ ಗೋಡೆಗೆ ಹಾಕಿದರೆ ಮುಂದಿನವರು ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ನನ್ನ ಹೆದರಿಕೆ ಅದು.

ಇನ್ನೊಂದು ಮಾತು. ಹಿಂಬದಿಯ ಪ್ರತಿಯಲ್ಲಿ ನಡುವೆ ಒಂದು ಗೆರೆ, ಬಲಕ್ಕೆ ವಿಳಾಸದ ಸಾಲುಗಳು ಕಾಣುತ್ತಿವೆ. ಅಂದರೆ ಇದು ಪೋಸ್ಟ್ ಕಾರ್ಡು. ಹಡಗಿನ ಚಿತ್ರದ ಕಾರ್ಡುಗಳು ಆಗ ಮಾರಾಟಕ್ಕೆ ಸಿಗುತ್ತಿದ್ದವು. ಹಾಗಾಗಿ 1931 ಎನ್ನುವುದು ಕಾರ್ಡು ಅಜ್ಜನ ಕೈಗೆ ಬಂದ ವರ್ಷ ಇರಬೇಕು, ಚಿತ್ರ ತೆಗೆದಿದ್ದು ಅದಕ್ಕಿಂತ ಮೊದಲೇ ಆಗಿರಬಹುದು.

ಈಗ ಮಾಡಬೇಕಾದ ಕೆಲಸ. ಒಳ್ಳೆಯ ಸ್ಟುಡಿಯೋದಲ್ಲಿ 1200 ಡಿಪಿಐಗೆ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡಿಸಿ, ಆಮೇಲೆ ಹಡಗಿನ ಮೂತಿಯ ಭಾಗ ದೊಡ್ಡದು ಮಾಡಿ ನೋಡಿ. ಹೆಸರು ಬರೆದಿರುವುದು ಅಲ್ಲೇ. ಅಲ್ಲಿ ಓದಲು ಬಾರದಿದ್ದರೆ ಕಟಕಟೆಗೆ ಕಟ್ಟಿದ, ನೀರಿಗೆ ಬಿದ್ದವರಿಗೆ ಎಸೆಯುವ ಬಳೆಯಾಕಾರದ ಲೈಫ್‌ಬಾಯ್‌ಗಳನ್ನು ನೋಡಿ, ಅವುಗಳ ಮೇಲೂ ಹೆಸರಿರುತ್ತದೆ. 'ರಾ'ದಿಂದ ಶುರುವಾಗುವ ಹೆಸರಿನಲ್ಲಿ ಒಟ್ಟು ಎಷ್ಟು ಅಕ್ಷರ ಅಂತ ಗೊತ್ತಾದರೂ ಸಾಕು, ಇಂಗ್ಲಿಷಿನಲ್ಲಿ ರಾಂಚಿಗೆ ಆರೇ ಅಕ್ಷರ, ರಾಜಪುತಾನಾಕ್ಕೆ ಒಂಬತ್ತು. ಲ್ಯಾಮಿನೇಶನ್ ಮಾತ್ರ ದಯವಿಟ್ಟು ಮಾಡಿಸಬೇಡಿ. ಮೂಲವನ್ನು ಪೆಟ್ಟಿಗೆಯಲ್ಲೇ ಇಟ್ಟು ಪ್ರತಿಗೆ ಫ್ರೇಮ್ ಹಾಕಿಸಿ. ಆ ಪೆನ್ಸಿಲ್ ಬರಹವನ್ನು ಉಜ್ಜಬೇಡಿ, ಅಜ್ಜನ ಕೈಬರಹ ಉಳಿದಿರುವುದು ಅಷ್ಟೇ ಎಂದು ನೀವೇ ಬರೆದಿದ್ದೀರಿ.

ಆ ಹಡಗು ಏನಾಯಿತು ಅಂತಲೂ ಕೇಳಿದ್ದೀರಿ. ಎರಡನೇ ಮಹಾಯುದ್ಧ ಬಂದಾಗ ಬ್ರಿಟಿಷ್ ನೌಕಾಪಡೆ ಈ ಹಡಗುಗಳಿಗೆ ಫಿರಂಗಿ ಕೂರಿಸಿತು. ರಾವಲ್ಪಿಂಡಿ 1939ರ ನವೆಂಬರ್ 23ಕ್ಕೆ ಜರ್ಮನಿಯ ಎರಡು ದೊಡ್ಡ ಯುದ್ಧನೌಕೆಗಳ ಎದುರಿಗೆ ಸಿಕ್ಕಿ ಮುಳುಗಿತು, 238 ಜನ ಸತ್ತರು. ರಾಜಪುತಾನಾವನ್ನು 1941ರ ಏಪ್ರಿಲ್ 13ಕ್ಕೆ ಐಸ್‌ಲ್ಯಾಂಡಿನ ಪಶ್ಚಿಮಕ್ಕೆ ಜರ್ಮನ್ ಜಲಾಂತರ್ಗಾಮಿಯೊಂದು ಹೊಡೆದು ಮುಳುಗಿಸಿತು. ಗಾಂಧೀಜಿ ಮಲಗಿದ್ದ ಆ ಡೆಕ್ಕು ಈಗ ಉತ್ತರದ ತಣ್ಣನೆಯ ಸಮುದ್ರದ ಅಡಿಯಲ್ಲಿದೆ. ಇದನ್ನು ಬರೆಯುವಾಗ ನನಗೆ ಮನಸ್ಸು ಭಾರವಾಗುತ್ತದೆ. ರಾಂಚಿ, ರಾಣ್‌ಪುರ ಎರಡೂ ಯುದ್ಧದಿಂದ ಉಳಿದು ಬಂದು ಆಮೇಲೆ ಗುಜರಿಗೆ ಹೋದವು.

ಅತ್ತೆಯ ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಉಪ್ಪಿನ ಸತ್ಯಾಗ್ರಹ ಮಾಡಿದ ಊರು ನಿಮ್ಮದು. 1930ರಲ್ಲಿ ಅಂಕೋಲಾದ ಸಮುದ್ರ ದಂಡೆಯಲ್ಲಿ ನಡೆದಿದ್ದು ಕಂಡೋ ಕೇಳಿಯೋ ಬೆಳೆದ ಹುಡುಗ, ಮರುವರ್ಷ ಮುಂಬಯಿಯಲ್ಲಿದ್ದು, ಆ ಶನಿವಾರ ಬಂದರಿನ ಕಡೆ ಓಡದೆ ಇದ್ದಾನೆಯೇ ಅಂತ ನನಗೂ ಅನಿಸುತ್ತದೆ. ಅದಕ್ಕೇ ಅತ್ತೆಯ ಹತ್ತಿರ ಮತ್ತೊಮ್ಮೆ ಕೂತು ಕೇಳಿ. ಅಜ್ಜ ಹಡಗು ಹೊರಡುವುದನ್ನು ಕಣ್ಣಾರೆ ನೋಡಿದೆ ಅಂತ ಹೇಳಿದ್ದರಾ, ಇಲ್ಲ ಕಾರ್ಡು ಮಾತ್ರ ತೋರಿಸಿದ್ದರಾ? ಅವರ ಮಾತನ್ನು ಅವರು ಹೇಳಿದ ಹಾಗೇ ಬರೆದು ಸ್ಕ್ಯಾನ್ ಜೊತೆ ನಮಗೆ ಕಳಿಸಿ. ಹೆಸರಿನ ಅಕ್ಷರಗಳನ್ನು ನಾವೂ ಕೂತು ಎಣಿಸುತ್ತೇವೆ.

— ಸಂ.