ಬಸುರಿಯರು ಟ್ರ್ಯಾಂಪೊಲಿನ್ ಹತ್ತಬಹುದೇ?

ಪ್ರಶ್ನೆ: ನನಗೆ 31 ವರ್ಷ, ಚೊಚ್ಚಲ ಬಸುರಿ, 14ನೇ ವಾರ. ಎರಡು ವರ್ಷದಿಂದ ಮನೆಯಲ್ಲೇ 40 ಇಂಚಿನ ಮಿನಿ ಟ್ರ್ಯಾಂಪೊಲಿನ್ ಮೇಲೆ ದಿನಾ 20 ನಿಮಿಷ ಜಿಗಿಯುವ ರೂಢಿ. ವಾಂತಿ ನಿಂತಿದೆ, ಮತ್ತೆ ಶುರುಮಾಡೋಣ ಅಂದರೆ ‘ಕುಲುಕಿದರೆ ಮಗು ಜಾರುತ್ತೆ’ ಎಂದು ಅತ್ತೆ ಅದನ್ನು ಮಂಚದ ಕೆಳಗೆ ತಳ್ಳಿಬಿಟ್ಟಿದ್ದಾರೆ. ಯಾರ ಮಾತು ಸರಿ?

ಉತ್ತರ: ಅತ್ತೆ ಕೊಟ್ಟ ಕಾರಣ ತಪ್ಪು, ಮಾಡಿದ ಕೆಲಸ ಅಷ್ಟೇನೂ ತಪ್ಪಲ್ಲ. ಮಗು ನೀರಿನ ಚೀಲದೊಳಗೆ ತೇಲುತ್ತಿರುತ್ತದೆ, ಗರ್ಭಕೋಶದ ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ. ಆರೋಗ್ಯವಂತ ಬಸುರಿಯಲ್ಲಿ ಕುಲುಕಾಟಕ್ಕೆ ಮಗು ಜಾರುವುದಿಲ್ಲ. ಇಲ್ಲಿ ಭಯಪಡಬೇಕಾದ ಸಂಗತಿಗಳು ಬೇರೆ ಎರಡು: ಬೀಳುವುದು, ಮತ್ತು ಪೆಲ್ವಿಕ್ ಫ್ಲೋರ್, ಅಂದರೆ ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ತೊಟ್ಟಿಲ ಬಟ್ಟೆಯಂತೆ ಹಿಡಿದಿರುವ ಸ್ನಾಯುಗಳು.

ಮೊದಲು ಬೀಳುವ ವಿಚಾರ. ಹೊಟ್ಟೆ ಬೆಳೆದಂತೆ ದೇಹದ ಭಾರದ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಎರಡು ವರ್ಷ ಅಭ್ಯಾಸವಾದ ನಿಮ್ಮ ಕಾಲಿಗೆ ಹಳೆಯ ಲೆಕ್ಕವೇ ನೆನಪಿರುತ್ತದೆ. ಗಟ್ಟಿ ನೆಲದ ಮೇಲೆ ಆ ವ್ಯತ್ಯಾಸ ಹೇಗೋ ಸರಿಹೋಗುತ್ತದೆ, ಒಂದು ಬದಿ ತುಳಿದರೆ ಆ ಬದಿಗೇ ವಾಲುವ ಮ್ಯಾಟ್ ಮೇಲೆ ಸರಿಹೋಗುವುದಿಲ್ಲ. 12ನೇ ವಾರದವರೆಗೆ ಗರ್ಭಕೋಶ ಸೊಂಟದ ಮೂಳೆಯ ಮರೆಯಲ್ಲಿರುತ್ತದೆ, 20ನೇ ವಾರದ ಹೊತ್ತಿಗೆ ಹೊಕ್ಕುಳ ಮಟ್ಟಕ್ಕೆ ಬಂದು ನೇರ ಪೆಟ್ಟಿಗೆ ಒಡ್ಡಿಕೊಂಡಿರುತ್ತದೆ. ಗರ್ಭಕೋಶದ ಗೋಡೆ ಹಿಗ್ಗುತ್ತದೆ, ಅದಕ್ಕಂಟಿದ ಮಾಸು (ಪ್ಲಾಸೆಂಟಾ) ಹಿಗ್ಗುವುದಿಲ್ಲ. ಜೋರಾಗಿ ಬಿದ್ದಾಗ ಮಾಸು ಗೋಡೆಯಿಂದ ಕಳಚಿಕೊಳ್ಳುವುದು ಈ ಕಾರಣಕ್ಕೇ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘಟನೆ 2020ರ ಸಲಹೆಯಲ್ಲಿ ವಾರಕ್ಕೆ 150 ನಿಮಿಷ ಹದವಾದ ವ್ಯಾಯಾಮ ಮಾಡಿ ಎನ್ನುತ್ತಲೇ, ಕುದುರೆ ಸವಾರಿ, ಜಿಮ್ನಾಸ್ಟಿಕ್ಸ್‌ನಂಥ ಬೀಳುವ ಅಪಾಯ ಹೆಚ್ಚಿರುವ ಚಟುವಟಿಕೆ ಬೇಡ ಎಂದಿದೆ. ಟ್ರ್ಯಾಂಪೊಲಿನ್ ಜಿಗಿತವನ್ನು ನಾವು ಆ ಸಾಲಿಗೇ ಸೇರಿಸುತ್ತೇವೆ.

ಇನ್ನು ಪೆಲ್ವಿಕ್ ಫ್ಲೋರ್. ‘ಮ್ಯಾಟ್ ಮೆತ್ತಗಿದೆ, ಕೀಲಿಗೆ ಪೆಟ್ಟಿಲ್ಲ’ ಎಂಬ ಜಾಹೀರಾತಿನ ಮಾತು ಮೊಣಕಾಲಿನ ಮಟ್ಟಿಗೆ ಸುಳ್ಳಲ್ಲ. ಆದರೆ ಪ್ರತಿ ಜಿಗಿತದ ತಳದಲ್ಲಿ, ಮ್ಯಾಟ್ ನಿಮ್ಮನ್ನು ತಡೆದು ಮೇಲಕ್ಕೆ ಎಸೆಯುವ ಆ ಕ್ಷಣದಲ್ಲಿ, ದೇಹದ ತೂಕದ ಎರಡು ಮೂರು ಪಟ್ಟು ಒತ್ತಡ ಬೀಳುತ್ತದೆ. ಅದನ್ನು ಒಳಗಿನಿಂದ ಹೊರಬೇಕಾದವು ಈ ಸ್ನಾಯುಗಳು, ಬಸುರಿನಲ್ಲಿ ಮೊದಲೇ ಸಡಿಲವಾಗುತ್ತಿರುವಂಥವು. ಸ್ವೀಡನ್ನಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 35 ಮಂದಿ ಟ್ರ್ಯಾಂಪೊಲಿನ್ ಸ್ಪರ್ಧಿಗಳ ಪೈಕಿ 28 ಮಂದಿ ಜಿಗಿಯುವಾಗ ಮೂತ್ರ ಸೋರುತ್ತದೆ ಎಂದಿದ್ದರು. ಎಲ್ಲರೂ ಎಳೆಯ ಹುಡುಗಿಯರು, ಒಬ್ಬರಿಗೂ ಹೆರಿಗೆಯಾಗಿರಲಿಲ್ಲ.

ಹಾಗಾದರೆ ಪೂರ್ತಿ ಬಿಡಬೇಕೇ? ಗೆರೆ ಎಳೆಯುವುದು ಸುಲಭ: ಪಾದ ಮ್ಯಾಟ್ ಬಿಡಬಾರದು. ಪಾದ ಗಾಳಿಗೆ ಹೋಗುವ ಜಿಗಿತ, ಒಂಟಿಕಾಲಿನ ಹಾರಾಟ, ಸೊಂಟ ತಿರುಗಿಸಿ ಜಿಗಿಯುವುದು ಇವತ್ತಿನಿಂದಲೇ ಬಂದ್. ನಿಮಗೆ ಹಳೆಯ ಅಭ್ಯಾಸವಿದೆ. ವೈದ್ಯರ ಒಪ್ಪಿಗೆ ಇದ್ದರೆ ಮೆದು ಕುಲುಕಾಟ ಮಾಡಬಹುದು. ಹೊಸದಾಗಿ ಟ್ರ್ಯಾಂಪೊಲಿನ್ ಕೊಳ್ಳುವ ಯೋಚನೆಯಲ್ಲಿರುವ ಬಸುರಿಯರಿಗೆ ಈ ಮಾತು ಅನ್ವಯಿಸದು.

ಮಾಡುವ ರೀತಿ ಹೀಗೆ. ಪಾದಗಳು ಭುಜದಗಲ, ಮಂಡಿ ತುಸು ಬಾಗಿರಲಿ. ಬೆರಳು ಊರಿಕೊಂಡೇ ಹಿಮ್ಮಡಿ ಎತ್ತಿ ಒತ್ತಿ, ಮ್ಯಾಟ್ ಎರಡು ಮೂರು ಇಂಚು ತಗ್ಗಿದರೆ ಸಾಕು. ಒತ್ತುವಾಗ ಉಸಿರು ಬಿಡಿ, ಕಟ್ಟಬೇಡಿ. ನಡುನಡುವೆ ನಿಂತಲ್ಲೇ ನಡೆಯಿರಿ. 5 ನಿಮಿಷದಿಂದ ಶುರು, 15 ದಾಟುವುದು ಬೇಡ. ಫೋನಿನಲ್ಲಿ ಪೂರ್ತಿ ವಾಕ್ಯ ಮಾತಾಡಲು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಒಂದು ಹನಿ ಮೂತ್ರ ಸೋರಿದರೂ, ಕೆಳಗೆ ಭಾರ ಎನಿಸಿದರೂ ಅಂದಿಗೆ ಮಾತ್ರವಲ್ಲ, ಈ ಬಸುರಿಗೇ ಟ್ರ್ಯಾಂಪೊಲಿನ್ ಮುಗಿಯಿತು.

ಹಿಡಿ ಇರುವ ಮಾದರಿಯೇ ಬೇಕು, ಆದರೆ ಹಿಡಿಯನ್ನು ನಂಬಿ ಹಿಂದಕ್ಕೆ ಜೋತುಬೀಳಬೇಡಿ, ಇಡೀ ಚೌಕಟ್ಟೇ ನಿಮ್ಮ ಕಡೆ ಮಗುಚುತ್ತದೆ. ಹಿಡಿಯ ಬದಿ ಗೋಡೆಗಿರಲಿ. ವಿಟ್ರಿಫೈಡ್ ಟೈಲ್ಸ್ ಮೇಲೆ ಕಾಲುಗಳ ರಬ್ಬರ್ ಬೂಟು ಸವೆದಿದ್ದರೆ ಅದು ತಾನಾಗಿ ಸರಿಯುತ್ತದೆ, ಕೆಳಗೆ ಯೋಗಾ ಮ್ಯಾಟ್ ಹಾಸಿ. ಕಾಲುಚೀಲ ಬೇಡ, ಬರಿಗಾಲು ಒಳ್ಳೆಯದು. ನೈಟಿಯಂತೂ ಬೇಡವೇ ಬೇಡ: ಇಳಿಯುವಾಗ ಅಂಚು ಸ್ಪ್ರಿಂಗಿಗೋ ಹೆಬ್ಬೆರಳಿಗೋ ಸಿಕ್ಕಿಕೊಳ್ಳುತ್ತದೆ. ಬೀಳುವುದು ಕುಲುಕುವಾಗಲೇ ಅಂದುಕೊಳ್ಳಬೇಡಿ, ಇಳಿಯುವಾಗಲೂ ಅಷ್ಟೇ ಅಪಾಯ. ಮ್ಯಾಟಿಗೆ ಒಗ್ಗಿದ ಕಾಲಿಗೆ ನೆಲ ಕಲ್ಲಿನಂತೆ ತಾಗಿ ಮಂಡಿ ಸೋಲುತ್ತದೆ. ನಿಂತು ಹತ್ತು ಎಣಿಸಿ, ಹಿಡಿ ಹಿಡಿದು, ಹಿಮ್ಮುಖವಾಗಿ ಒಂದೊಂದೇ ಕಾಲಿಡಿ.

20ನೇ ವಾರಕ್ಕೆ, ಅಥವಾ ತಲೆ ಬಗ್ಗಿಸಿದಾಗ ಕಾಲ್ಬೆರಳು ಕಾಣದಂತಾದಾಗ, ಯಾವುದು ಮೊದಲೋ ಆಗ ನಿಲ್ಲಿಸಿ ಎಂಬುದು ನಮ್ಮ ಸಲಹೆ. ಮಾಸು ಕೆಳಗಿದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಬಿದ್ದಿದ್ದರೆ, ರಕ್ತಸ್ರಾವ ಆಗಿದ್ದರೆ, ಬಿಪಿ ಏರಿದ್ದರೆ, ಅವಳಿಯಿದ್ದರೆ ಶುರುವೇ ಬೇಡ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಕೂಡ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆ, ಅಂದರೆ 11 ಗ್ರಾಂಗಿಂತ ಕಡಿಮೆ. ರಕ್ತ ಕಡಿಮೆಯಿದ್ದು ತಲೆ ಸುತ್ತುವವರಿಗೆ ವಾಲಾಡುವ ಮ್ಯಾಟ್ ತಕ್ಕ ಜಾಗವಲ್ಲ. ನಿಜ ಹೇಳಬೇಕೆಂದರೆ, ದಿನಾ ಅರ್ಧ ಗಂಟೆಯ ಬಿರುಸು ನಡಿಗೆಗಿಂತ ಈ ಕುಲುಕಾಟದಿಂದ ಹೆಚ್ಚೇನೂ ಸಿಗುವುದಿಲ್ಲ.

ಪ್ರಶ್ನೆ: 26 ವಾರ. ಐದು ವರ್ಷದ ಮಗನ ಹುಟ್ಟುಹಬ್ಬಕ್ಕೆ ಬೆಂಗಳೂರಿನ ಟ್ರ್ಯಾಂಪೊಲಿನ್ ಪಾರ್ಕಿಗೆ ಹೋಗುತ್ತಿದ್ದೇವೆ. ಮ್ಯಾಟಿನ ಮೇಲೆ ಅವನ ಕೈ ಹಿಡಿದು ಸುಮ್ಮನೆ ನಿಲ್ಲಬಹುದಲ್ಲ?

ಉತ್ತರ: ನಿಲ್ಲಬೇಡಿ. ಒಂದೇ ಮ್ಯಾಟ್ ಮೇಲೆ ಇಬ್ಬರಿದ್ದಾಗ ಒಬ್ಬರ ಜಿಗಿತ ಇನ್ನೊಬ್ಬರ ಕಾಲಡಿಯ ಮ್ಯಾಟನ್ನು ಅನಿರೀಕ್ಷಿತವಾಗಿ ಎತ್ತುತ್ತದೆ, ಮಂಡಿ ಮಡಚಿ ಬೀಳುತ್ತೀರಿ. ಐದು ವರ್ಷದ ಮಗುವಿನ ತಲೆಯೂ ಸರಿಯಾಗಿ ನಿಮ್ಮ ಹೊಟ್ಟೆಯ ಎತ್ತರಕ್ಕೇ ಇರುತ್ತದೆ. ಬಸುರಿಯರನ್ನು ಮ್ಯಾಟಿನ ಮೇಲೆ ಬಿಡದಿರುವುದು ಇಂಥ ಪಾರ್ಕುಗಳ ಸಾಮಾನ್ಯ ನಿಯಮ, ಹೊಟ್ಟೆ ಮುಚ್ಚಿಕೊಂಡು ಅದನ್ನು ತಪ್ಪಿಸಬೇಡಿ. ಗಂಡನನ್ನು ಕಳಿಸಿ, ನೀವು ಕೇಕ್ ಕಾಯಿರಿ.

ಎಲ್ಲೇ ಆಗಲಿ, ಈ ತಿಂಗಳುಗಳಲ್ಲಿ ಹೊಟ್ಟೆಗೆ ಪೆಟ್ಟಾಗುವಂತೆ ಬಿದ್ದರೆ ನೋವಿಲ್ಲ ಎಂದು ಮನೆಯಲ್ಲಿ ಕೂರಬೇಡಿ. ಮಾಸು ಕಳಚಿದ್ದು ತಿಳಿಯಲು ಕೆಲವು ಗಂಟೆ ಹಿಡಿಯಬಹುದು, ಸ್ಕ್ಯಾನಿನಲ್ಲಿ ಕಾಣದೆಯೂ ಹೋಗಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಕನಿಷ್ಠ 4 ಗಂಟೆ ಮಗುವಿನ ಎದೆಬಡಿತ ಮತ್ತು ಗರ್ಭಕೋಶದ ಬಿಗಿತ ಎರಡನ್ನೂ ಯಂತ್ರದಲ್ಲಿ ಗಮನಿಸುತ್ತಾರೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಹೋದ ಕೂಡಲೇ ಹೇಳಿ. ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಬೇಕಾದರೆ 72 ಗಂಟೆಯೊಳಗೆ ಕೊಡಬೇಕು.

ಪ್ರಶ್ನೆ: ಬಸುರಿ ಎಂದು ಗೊತ್ತಿಲ್ಲದೆ ಐದನೇ ವಾರದಲ್ಲಿ ಟ್ರ್ಯಾಂಪೊಲಿನ್ ಕ್ಲಾಸಿಗೆ ಹೋಗಿ ಜೋರಾಗಿ ಜಿಗಿದೆ. ಅಂದಿನಿಂದ ನಿದ್ದೆಯಿಲ್ಲ.

ಉತ್ತರ: ನಿದ್ದೆ ಮಾಡಿ. ಮೊದಲ ವಾರಗಳ ಗರ್ಭಪಾತದಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ, ಜಿಗಿತವಲ್ಲ. ರಕ್ತ ಕಂಡರೆ ಅಥವಾ ಒಂದು ಬದಿಯಲ್ಲಿ ತೀವ್ರ ನೋವು ಬಂದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: 38 ವಾರ. ಜಿಗಿದರೆ ಬೇಗ ನೋವು ಬರುತ್ತದೆ ಎಂದು ಗೆಳತಿ ಹೇಳಿದಳು. ವಿಡಿಯೊಗಳಲ್ಲೂ ತುಂಬು ಬಸುರಿಯರು ಕುಪ್ಪಳಿಸುತ್ತಾರೆ.

ಉತ್ತರ: ಅವರು ಕುಪ್ಪಳಿಸುವುದು ಗಾಳಿ ತುಂಬಿದ ದೊಡ್ಡ ವ್ಯಾಯಾಮದ ಚೆಂಡಿನ ಮೇಲೆ ಕೂತು, ಟ್ರ್ಯಾಂಪೊಲಿನ್ ಮೇಲಲ್ಲ. ಜಿಗಿತದಿಂದ ಹೆರಿಗೆ ನೋವು ಶುರುವಾಗುವುದಿಲ್ಲ, ಬಿದ್ದರೆ ಮಾತ್ರ ಅಪಾಯ ಖಚಿತ. ಚೆಂಡು ಬೇಕಿದ್ದರೆ ತರಿಸಿಕೊಳ್ಳಿ, ಬೆನ್ನಿಗೆ ಹಿತವಾಗಿರುತ್ತದೆ. ಐದಡಿ ಆಸುಪಾಸಿನವರಿಗೆ 55 ಸೆಂ.ಮೀ., ಐದೂವರೆ ಅಡಿಯವರಿಗೆ 65. ಕೂತಾಗ ಮಂಡಿ ಸೊಂಟಕ್ಕಿಂತ ತುಸು ಕೆಳಗಿರಬೇಕು. ಮೇಲಿದ್ದರೆ ಗಾಳಿ ಸಾಲದು ಅಥವಾ ಚೆಂಡು ಚಿಕ್ಕದು. ಚೆಂಡಿನ ಹಿಂಬದಿ ಗೋಡೆಗೆ ತಾಗಿಸಿ, ಕೂರುವ ಮುನ್ನ ಒಂದು ಕೈಯಲ್ಲಿ ಅದನ್ನು ಹಿಡಿದಿಟ್ಟುಕೊಳ್ಳಿ.