ಮೈನಸ್‌ನಿಂದ ಭಾಗಿಸಿದರೆ ಚಿಹ್ನೆ ಯಾಕೆ ತಿರುಗುತ್ತದೆ?

ಪ್ರಶ್ನೆ: ಮೇಡಂ, ನಾನು ಸಮೀಕರಣಗಳನ್ನು ಸರಾಗವಾಗಿ ಬಿಡಿಸುತ್ತೇನೆ. ಅಸಮಾನತೆ ಬಂದರೆ ಮಾತ್ರ ಎಡವುತ್ತೇನೆ. 7 − 2ಕ > 1 ಎಂಬ ಲೆಕ್ಕಕ್ಕೆ ನನಗೆ ಕ > 3 ಬಂತು. ಪುಸ್ತಕದ ಕೊನೆಯಲ್ಲಿ ಕ < 3 ಎಂದಿದೆ. ಋಣ ಸಂಖ್ಯೆಯಿಂದ ಭಾಗಿಸಿದರೆ ಚಿಹ್ನೆ ತಿರುಗಿಸಬೇಕು ಎಂಬ ನಿಯಮ ಬಾಯಿಪಾಠ ಇದೆ. ಆದರೆ ಯಾವಾಗ ಬಳಸಬೇಕು, ಯಾವಾಗ ಬೇಡ ಅನ್ನೋದೇ ಗೊಂದಲ. ಅಷ್ಟಕ್ಕೂ ಯಾಕೆ ತಿರುಗಿಸಬೇಕು?

ಉತ್ತರ: ನೀವು ‘ಯಾಕೆ’ ಎಂದು ಕೇಳಿದ್ದು ನನಗೆ ತುಂಬಾ ಖುಷಿಯಾಯಿತು. ಕಾರಣ ತಿಳಿದರೆ ಈ ನಿಯಮವನ್ನು ನೆನಪಿಡುವ ಕಷ್ಟವೇ ಇರುವುದಿಲ್ಲ.

ಮೊದಲು ನಿಮ್ಮ ಉತ್ತರವನ್ನೇ ಪರೀಕ್ಷಿಸೋಣ. ಕ > 3 ಸರಿ ಇದ್ದರೆ 5 ಹೊಂದಬೇಕು. 7 − 10 ಅಂದರೆ −3. ಅದು 1ಕ್ಕಿಂತ ದೊಡ್ಡದೇ? ಅಲ್ಲ. ಈಗ 0 ಹಾಕಿ ನೋಡಿ. 7 − 0 ಅಂದರೆ 7, ಅದು 1ಕ್ಕಿಂತ ದೊಡ್ಡದು. ಹೊಂದಬೇಕಾದ ಸಂಖ್ಯೆ ಹೊಂದಲಿಲ್ಲ, ಹೊಂದಬಾರದ್ದು ಹೊಂದಿತು. ಅಲ್ಲಿಗೆ ದಿಕ್ಕು ತಪ್ಪಿದೆ ಎಂದು ಗೊತ್ತಾಯಿತು, ಪುಸ್ತಕದ ಕೊನೆ ನೋಡುವ ಅಗತ್ಯವೇ ಬರಲಿಲ್ಲ.

ಈಗ ಕಾರಣಕ್ಕೆ ಬರೋಣ. ಒಂದು ಸಂಖ್ಯಾರೇಖೆ ಎಳೆಯಿರಿ. ನಡುವೆ 0, ಬಲಕ್ಕೆ 1, 2, 3, ಎಡಕ್ಕೆ −1, −2, −3. ಈ ರೇಖೆಯ ಮೇಲೆ ‘ಚಿಕ್ಕದು’ ಎಂದರೆ ‘ಎಡಕ್ಕಿರುವುದು’, ಅಷ್ಟೇ. 2 ಮತ್ತು 5ನ್ನು ಗುರುತು ಮಾಡಿ. 2 ಎಡಕ್ಕಿದೆ, ಆದ್ದರಿಂದ 2 < 5.

ಎರಡಕ್ಕೂ 4 ಕೂಡಿಸಿ. 6 ಮತ್ತು 9 ಆದವು. ಎರಡೂ ಚುಕ್ಕೆಗಳು ಒಂದೇ ದಿಕ್ಕಿಗೆ ಒಂದೇ ದೂರ ಸರಿದವು, ಎಡದ್ದು ಎಡಕ್ಕೇ ಉಳಿಯಿತು. ಕಳೆದರೂ ಹಾಗೆಯೇ. ಎರಡನ್ನೂ 3ರಿಂದ ಗುಣಿಸಿದರೆ 6 ಮತ್ತು 15. ಸೊನ್ನೆಯಿಂದ ಇರುವ ದೂರ ಮೂರು ಪಟ್ಟಾಯಿತು, ಸಾಲು ಬದಲಾಗಲಿಲ್ಲ. ಇನ್ನು −1ರಿಂದ ಗುಣಿಸಿ. 2 ಹೋಗಿ −2 ಆಯಿತು, 5 ಹೋಗಿ −5 ಆಯಿತು. ಸೊನ್ನೆಯ ಜಾಗದಲ್ಲಿ ಒಂದು ಕನ್ನಡಿ ನಿಲ್ಲಿಸಿದ ಹಾಗೆ ಎರಡೂ ಆಚೆ ಬದಿಗೆ ಹೋದವು. 5 ಕನ್ನಡಿಯಿಂದ ಜಾಸ್ತಿ ದೂರ ಇತ್ತು, ಆಚೆಯೂ ಅಷ್ಟೇ ದೂರ ಹೋಯಿತು. ಈಗ ಎಡಕ್ಕಿರುವುದು ಯಾವುದು? −5. ಅಂದರೆ −2 > −5. ಸಾಲೇ ತಿರುಗಿದೆ, ಅದಕ್ಕೇ ಚಿಹ್ನೆಯನ್ನೂ ತಿರುಗಿಸುತ್ತೇವೆ. ಭಾಗಿಸಿದಾಗಲೂ ಆಗುವುದು ಇದೇ.

ನಿಮ್ಮ ಲೆಕ್ಕ ನೋಡಿ. ಎರಡೂ ಕಡೆ 7 ಕಳೆದರೆ −2ಕ > −6. ಇಲ್ಲಿ ಬರೀ ಸರಿದದ್ದು, ಚಿಹ್ನೆ ಹಾಗೇ ಇರುತ್ತದೆ. −2ರಿಂದ ಭಾಗಿಸಿದಾಗ ತಿರುಗುತ್ತದೆ: ಕ < 3.

ಇನ್ನೂ ಅನುಮಾನವಿದ್ದರೆ ಮೈನಸ್‌ನಿಂದ ಭಾಗಿಸದೆಯೇ ಮಾಡಿ ನೋಡಿ. ಎರಡೂ ಕಡೆ 2ಕ ಕೂಡಿಸಿ: 7 > 1 + 2ಕ. 1 ಕಳೆಯಿರಿ: 6 > 2ಕ. 2ರಿಂದ ಭಾಗಿಸಿ: 3 > ಕ. ಎಲ್ಲೂ ಚಿಹ್ನೆ ತಿರುಗಿಸಿಲ್ಲ, ಆದರೂ ಅದೇ ಉತ್ತರ. ನನ್ನನ್ನು ಕೇಳಿದರೆ ಕಲಿಯುವ ಹಂತದಲ್ಲಿ ಈ ದಾರಿಯೇ ಒಳ್ಳೆಯದು. ಒಂದು ಎಚ್ಚರಿಕೆ ಮಾತ್ರ ಬೇಕು. 3 > ಕ ಎಂದು ಬಂದಾಗ ಚಿಹ್ನೆಯ ಆಕಾರ ನೋಡಿ ಉತ್ತರ ತೋರಿಸಲು ಸಂಖ್ಯಾರೇಖೆಯ ಮೇಲೆ ಬಲಕ್ಕೆ ಬಾಣ ಎಳೆಯುವವರು ತುಂಬಾ ಮಂದಿ. ಅದನ್ನು ‘ಕ’ ಕಡೆಯಿಂದ ಓದಿ: ಕ ಮೂರಕ್ಕಿಂತ ಚಿಕ್ಕದು. ಬಾಣ ಎಡಕ್ಕೆ.

‘ಯಾವಾಗ ಬೇಡ’ ಎಂದು ಕೇಳಿದಿರಲ್ಲ, ಅದು ಒಳ್ಳೆಯ ಪ್ರಶ್ನೆ. 2ಕ > −6 ನೋಡಿ. ಮೈನಸ್ ಕಂಡ ಕೂಡಲೇ ಚಿಹ್ನೆ ತಿರುಗಿಸಲು ಕೈ ಹೋಗುತ್ತದೆ, ಅಲ್ವಾ? ಆದರೆ ನಾವು ಭಾಗಿಸುವುದು 2ರಿಂದ. ಅದು ಧನ ಸಂಖ್ಯೆ. ಉತ್ತರ ಕ > −3. ಲೆಕ್ಕದಲ್ಲಿ ಎಲ್ಲಿ ಮೈನಸ್ ಇದೆ ಎಂಬುದು ಮುಖ್ಯವಲ್ಲ. ನೀವು ಯಾವ ಸಂಖ್ಯೆಯಿಂದ ಗುಣಿಸುತ್ತೀರಿ ಅಥವಾ ಭಾಗಿಸುತ್ತೀರಿ ಎಂಬುದನ್ನು ಮಾತ್ರ ನೋಡಿ.

ಇದೇ ಕಾರಣಕ್ಕೆ, ‘ಕ’ದಿಂದಲೇ ಗುಣಿಸುವಾಗ ತುಂಬಾ ಹುಷಾರಾಗಿರಬೇಕು. 6/ಕ > 2 ಎಂಬ ಲೆಕ್ಕದಲ್ಲಿ ಸುಮ್ನೆ ‘ಕ’ದಿಂದ ಗುಣಿಸಿದರೆ 6 > 2ಕ, ಅಂದರೆ ಕ < 3 ಬರುತ್ತದೆ. ಅದು ಸರಿ ಇದ್ದರೆ −1 ಹೊಂದಬೇಕು. ಆದರೆ 6/(−1) ಅಂದರೆ −6, ಅದು 2ಕ್ಕಿಂತ ದೊಡ್ಡದಲ್ಲ. ‘ಕ’ ಧನವೋ ಋಣವೋ ಗೊತ್ತಿಲ್ಲದೆ ಗುಣಿಸಿದ್ದೇ ತೊಂದರೆ. ಎರಡನ್ನೂ ಬೇರೆ ಬೇರೆ ನೋಡಿ. ‘ಕ’ ಋಣವಾದರೆ 6/ಕ ಕೂಡ ಋಣ, ಅದು 2ನ್ನು ಮೀರುವ ಮಾತೇ ಇಲ್ಲ. ‘ಕ’ ಧನವಾದರೆ ಕ < 3. ಹಾಗಾಗಿ ನಿಜವಾದ ಉತ್ತರ 0 < ಕ < 3.

ಪ್ರಶ್ನೆ: ಸಂಖ್ಯಾರೇಖೆಯಲ್ಲಿ ಉತ್ತರ ತೋರಿಸುವಾಗ ಕೆಲವೆಡೆ ಖಾಲಿ ವೃತ್ತ, ಕೆಲವೆಡೆ ತುಂಬಿದ ವೃತ್ತ ಹಾಕುತ್ತಾರೆ. ಕ < 3 ಅಂದರೆ 2ರವರೆಗೆ ಎಳೆದರೆ ಸಾಲದೇ?

ಉತ್ತರ: ಸಾಲದು. 2.5 ಕೂಡ 3ಕ್ಕಿಂತ ಚಿಕ್ಕದು. 2.9, 2.99, 2.999 ಎಲ್ಲವೂ ಚಿಕ್ಕವೇ. ನೀವು 3ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆ ಹೇಳಿದರೂ ಅದಕ್ಕೂ 3ಕ್ಕೂ ನಡುವೆ ಇನ್ನೊಂದು ಸಂಖ್ಯೆ ಇದ್ದೇ ಇರುತ್ತದೆ. ಅಂದರೆ 3ಕ್ಕಿಂತ ಚಿಕ್ಕದಾದ ಸಂಖ್ಯೆಗಳಲ್ಲಿ ‘ಎಲ್ಲಕ್ಕಿಂತ ದೊಡ್ಡದು’ ಅಂತ ಒಂದು ಇಲ್ಲವೇ ಇಲ್ಲ. ಗಣಿತದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಗಳಲ್ಲಿ ಇದೂ ಒಂದು. ಕೊನೆಯ ಚುಕ್ಕೆ ಇಲ್ಲದ ಈ ಗೆರೆಯನ್ನು ಕಾಗದದ ಮೇಲೆ ತೋರಿಸುವುದು ಹೇಗೆ? 3ರ ಮೇಲೆ ಖಾಲಿ ವೃತ್ತ ಹಾಕುತ್ತೇವೆ. ‘ಇಲ್ಲಿಯವರೆಗೆ ಬನ್ನಿ, ಆದರೆ ಇದು ಸೇರಿಲ್ಲ’ ಎಂದು ಅದರ ಅರ್ಥ. ಅಲ್ಲಿಂದ ಎಡಕ್ಕೆ ದಪ್ಪ ಗೆರೆ ಎಳೆದು ತುದಿಗೆ ಬಾಣ ಹಾಕಿದರೆ, ಆ ಕಡೆ ಮುಗಿಯುವುದೇ ಇಲ್ಲ ಎಂದಾಯಿತು.

ಕ ≤ 3 ಆದರೆ 3 ಕೂಡ ಸೇರುತ್ತದೆ, ವೃತ್ತವನ್ನು ತುಂಬಿ. ಅಂದಹಾಗೆ < ಮತ್ತು > ಮೊದಲು ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಅವರ ಪುಸ್ತಕದಲ್ಲಿ, ಅವರು ತೀರಿಕೊಂಡು ಹತ್ತು ವರ್ಷಗಳ ನಂತರ. ‘ಅಥವಾ ಸಮ’ ಎಂದು ತೋರಿಸಲು ಕೆಳಗೆ ಗೆರೆ ಸೇರಿಸಿದ್ದು ಫ್ರಾನ್ಸಿನ ಪಿಯರ್ ಬೂಗೇ, 1734ರಲ್ಲಿ.

‘ಕ’ ಎಂದರೆ ಜನರ ಎಣಿಕೆಯಾಗಿದ್ದರೆ ಮಾತ್ರ ನಿಮ್ಮ ಮಾತಿನಲ್ಲಿ ಹುರುಳಿದೆ. ಎರಡೂವರೆ ಜನ ಇರುವುದಿಲ್ಲವಲ್ಲ. ಆಗ ಗೆರೆ ಎಳೆಯಬೇಡಿ. 0, 1, 2ರ ಮೇಲೆ ಮೂರು ಚುಕ್ಕೆ ಇಡಿ, ಸಾಕು.

ಪ್ರಶ್ನೆ: 2ಕ + 5 > 2ಕ + 1 ಬಿಡಿಸುವಾಗ ‘ಕ’ ಮಾಯವಾಗಿ 5 > 1 ಉಳಿಯಿತು. ಲೆಕ್ಕವೇ ತಪ್ಪೇ?

ಉತ್ತರ: ತಪ್ಪಲ್ಲ. 5 > 1 ಯಾವಾಗಲೂ ನಿಜ. ಹಾಗಾಗಿ ‘ಕ’ ಏನೇ ಆದರೂ ಸರಿ, ಇಡೀ ರೇಖೆಗೆ ಬಣ್ಣ ಹಚ್ಚಿ. ಉಳಿದದ್ದು 1 > 5 ಆಗಿದ್ದರೆ ಒಂದು ಸಂಖ್ಯೆಯೂ ಹೊಂದುವುದಿಲ್ಲ, ರೇಖೆ ಖಾಲಿ ಬಿಡಿ.

ಪ್ರಶ್ನೆ: −3 ≤ 2ಕ + 1 < 7 ಎಂದು ಎರಡು ಚಿಹ್ನೆ ಒಟ್ಟಿಗೆ ಬಂದರೆ?

ಉತ್ತರ: ಮೂರೂ ಭಾಗಕ್ಕೆ ಒಂದೇ ಕೆಲಸ ಮಾಡಿ. 1 ಕಳೆದರೆ −4 ≤ 2ಕ < 6. 2ರಿಂದ ಭಾಗಿಸಿದರೆ −2 ≤ ಕ < 3. −2ರ ಮೇಲೆ ತುಂಬಿದ ವೃತ್ತ, 3ರ ಮೇಲೆ ಖಾಲಿ ವೃತ್ತ, ನಡುವೆ ಗೆರೆ. ಬಾಣ ಬೇಡ.

ಉತ್ತರ ‘ಕ < −2 ಅಥವಾ ಕ > 3’ ಎಂದಿದ್ದರೆ ಮಾತ್ರ ಹೀಗೆ ಒಟ್ಟಿಗೆ ಬರೆಯಲು ಹೋಗಬೇಡಿ. 3 < ಕ < −2 ಎಂದು ಬರೆದರೆ 3 ಎನ್ನುವುದು −2ಕ್ಕಿಂತ ಚಿಕ್ಕದು ಎಂದು ಹೇಳಿದಂತಾಗುತ್ತದೆ. ಅಲ್ಲಿ ಗೆರೆ ಎರಡು, ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ.