ಕಥೆ ಕೊಡುವ ಮೊದಲು ಕಾಗದ ಓದಿ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯ ಸಹಕಾರಿ ಬ್ಯಾಂಕೊಂದರಲ್ಲಿ ಕ್ಲರ್ಕ್. ಮಂಡಕ್ಕಿ ಭಟ್ಟಿಯಲ್ಲಿ ನಡೆಯುವ ಕೊಲೆಯ ಬಗ್ಗೆ ಒಂದು ಪತ್ತೇದಾರಿ ಕಾದಂಬರಿ ಬರೆದಿದ್ದೇನೆ. ಅದನ್ನು ಓದಿದ ನಿರ್ದೇಶಕರೊಬ್ಬರು "ಕಥೆ ಕೊಡಿ, ಚಿತ್ರಕಥೆಗೂ ನೀವೇ ಬನ್ನಿ" ಎನ್ನುತ್ತಿದ್ದಾರೆ. ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಲೇ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಹೋಗಿ. ಆದರೆ ಕೆಲಸ ಬಿಡಬೇಡಿ, ರಜೆ ಹಾಕಿ ಹೋಗಿ. ಸಿನಿಮಾ ಯಾವಾಗ ಶುರುವಾಗುತ್ತೋ, ಯಾವಾಗ ನಿಲ್ಲುತ್ತೋ ಹೇಳೋಕಾಗಲ್ಲ.

ಮೊದಲು ಅಗ್ರಿಮೆಂಟ್. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡುವುದು ಬಾಯಿಮಾತಲ್ಲಿ ಆಗುವುದಿಲ್ಲ, ಕಾಗದ ಬೇಕು, ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ "ಶಾಶ್ವತವಾಗಿ, ಇಡೀ ಜಗತ್ತಿಗೆ" ಎಂಬ ಸಾಲು ಸೇರಿಸಿದ್ದಾರಾ ಅಂತ ಸಹಿಗೆ ಮೊದಲು ಎಚ್ಚರದಿಂದ ನೋಡಿಕೊಳ್ಳಿ. ರಿಮೇಕ್, ವೆಬ್ ಸೀರೀಸ್ ಹಕ್ಕು ಯಾರದು ಅಂತ ಬಿಡಿಸಿ ಬರೆಸಿ. ಕಥೆಯ ದುಡ್ಡು ಬೇರೆ, ಚಿತ್ರಕಥೆಯ ದುಡ್ಡು ಬೇರೆ. ಇದನ್ನು ಕೇಳೋಕೆ ಸಂಕೋಚ ಬೇಡ.

ಕಥೆ ಬದಲಾಗುತ್ತೆ, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಮ್ಮ ತಳುಕಿನ ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ತೆಗೆದರು. ಚಿತ್ರದುರ್ಗದ ಕೋಟೆ ನಾಡಿಗೆಲ್ಲ ಪರಿಚಯವಾಯಿತು. ತ.ರಾ.ಸು. ಅವರಿಗೆ ಮಾತ್ರ ಸಮಾಧಾನ ಆಗಲಿಲ್ಲ. ಇಬ್ಬರೂ ದೊಡ್ಡವರೇ, ಅಲ್ವಾ?

ಇನ್ನು ಬರವಣಿಗೆ. ನನಗೆ ಜಾಸ್ತಿ ಇಷ್ಟದ ಭಾಗ ಇದೇ. ಕಾದಂಬರಿಯಲ್ಲಿ "ಇನ್‌ಸ್ಪೆಕ್ಟರಿಗೆ ಅನುಮಾನ ಬಂತು" ಅಂತ ಬರೆದು ಮುಂದೆ ಹೋಗಬಹುದು. ಕ್ಯಾಮೆರಾಕ್ಕೆ ಅನುಮಾನ ಕಾಣಿಸುವುದಿಲ್ಲ. ನಾನು ಸೀರಿಯಲ್‌ಗೆ ಬರೆದ ಒಂದು ಸೀನ್ ಹೇಳುತ್ತೇನೆ. "ಅವರು ನಿನ್ನೆಯಿಂದ ಮನೆಗೇ ಬಂದಿಲ್ಲ" ಅಂತ ಹೆಂಡತಿ ಅಳುತ್ತಿದ್ದಾಳೆ. ಇನ್‌ಸ್ಪೆಕ್ಟರ್ ನೀರು ಕೇಳಿ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾನೆ. ಕಟ್ಟೆ ಮೇಲೆ ಬೆಣ್ಣೆ ದೋಸೆ ಪಾರ್ಸೆಲ್‌ನ ಎರಡು ಎಲೆ. ಎರಡರಲ್ಲೂ ಚಟ್ನಿ ಇನ್ನೂ ಹಸಿಯಾಗಿದೆ. ಅವನು ಏನೂ ಕೇಳುವುದಿಲ್ಲ. ನೀರು ಕುಡಿದು ಲೋಟ ಆ ಎಲೆಗಳ ಪಕ್ಕದಲ್ಲೇ ಇಡುತ್ತಾನೆ. ಅವಳ ಅಳು ನಿಲ್ಲುತ್ತದೆ. ಅಷ್ಟೇ ಸೀನ್, ಅನುಮಾನ ತೋರಿಸೋಕೆ ಡೈಲಾಗ್ ಬೇಕಾಗಲಿಲ್ಲ.

ನಿಮ್ಮ ಕಾದಂಬರಿಯಲ್ಲಿ ಯಾರಾದರೂ ಸುಮ್ನೆ ಕೂತು ಯೋಚಿಸುವ ಅಧ್ಯಾಯ ಇದ್ದೇ ಇರುತ್ತೆ. ಅದನ್ನೇ ಮೊದಲು ಸೀನ್ ಮಾಡಿ ನೋಡಿ. ನಿರ್ದೇಶಕರ ಎದುರು ಕೂತು ಓದಿ ಹೇಳಿ. ಪೂರ್ತಿ ಚಿತ್ರಕಥೆಯ ಫೈಲ್ ಮಾತ್ರ ಅಗ್ರಿಮೆಂಟಿಗೆ ಸಹಿ ಬಿದ್ದು ಅಡ್ವಾನ್ಸ್ ಬಂದ ಮೇಲೆ ಕಳಿಸಿ.